ಮೊದಲ ಪ್ಲಗ್ ನೋಡ್ರಿ

ಮನೆಯ ಕಂಪ್ಯೂಟರ್ ಕೆಟ್ಟರೆ ಜನ ಅಂಗಡಿಗೆ ಫೋನ್ ಮಾಡುವ ಮೊದಲು ಒಬ್ಬರಿಗೆ ಫೋನ್ ಮಾಡುತ್ತಾರೆ. ಆ ಒಬ್ಬರು ಎಲ್ಲ ಊರಲ್ಲೂ ಇರುತ್ತಾರೆ. ಅವರಿಗೆ ಬೋರ್ಡಿಲ್ಲ, ರಸೀದಿ ಪುಸ್ತಕವಿಲ್ಲ, ಕಂಪ್ಯೂಟರ್ ಕಲಿತ ಸರ್ಟಿಫಿಕೇಟೂ ಇಲ್ಲ. ಶಿವಮೊಗ್ಗದಲ್ಲಿ ಅವರು ನಿವೃತ್ತ ಗಣಿತದ ಮೇಷ್ಟ್ರು, ಕಾಸರಗೋಡಿನಲ್ಲಿ ಝೆರಾಕ್ಸ್ ಅಂಗಡಿಯವರು. ಪುಣೆ ಜಿಲ್ಲೆಯ ಭೋರ್‌ನಲ್ಲಿ ಅವರು ನಮ್ಮ ರಾಯರು. ಧಾರವಾಡದವರು. ಬ್ಯಾಂಕಿನ ಕೊನೆಯ ಪೋಸ್ಟಿಂಗಿಗೆ ಈ ಕಡೆ ಬಂದು, ಊರಿನ ಹವೆ ಒಗ್ಗಿ, ಇಲ್ಲೇ ಉಳಿದವರು. ನೆರೆಹೊರೆಯ ಮರಾಠಿ ಮಂದಿಗೆ ‘ರಾವ್ ಸಾಹೇಬ್’, ಹುಡುಗರಿಗೆ ‘ಕಾಕಾ’, ಸಾತಾರಾ ರಸ್ತೆಯ ಉಡುಪಿ ಹೋಟೆಲಿನವರಿಗೆ ಮಾತ್ರ ರಾಯರು.

ಭೋರ್ ಎಂದರೆ ಕಾಪೂರಹೋಳದಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೊರಳಬೇಕು. ನೀರಾ ನದಿ, ಬ್ರಿಟಿಷರ ಕಾಲದ ಭಾಟಘರ್ ಅಣೆಕಟ್ಟು, ಹಿಂದೆ ರೋಹಿಡಾ ಕೋಟೆ, ಮುಂದೆ ವರಂಧಾ ಘಾಟು ಇಳಿದರೆ ಕೊಂಕಣ. ಸಹ್ಯಾದ್ರಿಯ ಮಳೆ ಶುರುವಾದರೆ ಒಣಹಾಕಿದ ಟವೆಲ್ಲು ಮೂರನೆಯ ದಿನವೂ ಹಸಿ. ಹೀಗಿರುವಾಗ ಮೇಜಿನ ಕೆಳಗಿಟ್ಟ ಸಿಪಿಯು ಡಬ್ಬಿಯ ಗತಿ ಏನು? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾಯರಿಗೆ ಪುರುಸೊತ್ತಿಲ್ಲ.

ಈ ಊರಿಗೂ ತಮಗೂ ಋಣಾನುಬಂಧವಿದೆ ಎಂದು ರಾಯರ ವಾದ. ಭೋರ್ ಸಂಸ್ಥಾನವನ್ನು ಆಳಿದ್ದು ಪಂತ ಸಚಿವರ ಮನೆತನ. ಶಿವಾಜಿಯ ಅಷ್ಟಪ್ರಧಾನರಲ್ಲಿ ಸಚಿವನ ಕೆಲಸವೆಂದರೆ ರಾಜಪತ್ರಗಳನ್ನು ಓದಿ ಹೆಚ್ಚುಕಡಿಮೆ ತಿದ್ದುವುದು, ಪರಗಣಗಳ ಲೆಕ್ಕ ತಪಾಸಣೆ ಮಾಡುವುದು. “ತಪ್ಪು ಹುಡುಕಾವರ ಊರಿಗೆ ತಪ್ಪು ಹುಡುಕಾವನ್ನ ಬ್ಯಾಂಕಿನವರು ಸುಮ್ಮನ ಕಳಿಸ್ಯಾರೇನು?” ಎನ್ನುತ್ತಾರೆ. ಜಮಖಂಡಿ, ಮುಧೋಳ, ರಾಮದುರ್ಗಗಳೂ ಭೋರೂ ದಖ್ಖನ್ನಿನ ಸಂಸ್ಥಾನಗಳೇ, 1948ರಲ್ಲಿ ಒಟ್ಟಿಗೇ ಮುಂಬಯಿ ಪ್ರಾಂತಕ್ಕೆ ಸೇರಿದವು. ಹಾಗಾಗಿ ತಾವು ಪರಊರಲ್ಲಿದ್ದೇವೆಂಬುದನ್ನೂ ಅವರು ಒಪ್ಪುವುದಿಲ್ಲ.

ರಾಯರು ಕಲಿತದ್ದು ಕಂಪ್ಯೂಟರಲ್ಲ, ಟ್ಯಾಲಿ. ಟ್ಯಾಲಿ ಅಂದರೆ ಈಗಿನ ಸಾಫ್ಟ್‌ವೇರ್ ಅಲ್ಲ. ಸಂಜೆ ಬ್ರಾಂಚಿನ ಬಾಗಿಲು ಹಾಕಿದ ಮೇಲೆ ಡೇ ಬುಕ್ಕಿನ ಎರಡೂ ಕಡೆ ಸಮ ಬರುವ ತನಕ ಯಾರೂ ಮನೆಗೆ ಹೋಗದಿದ್ದ ಕಾಲದ ಟ್ಯಾಲಿ. ವ್ಯತ್ಯಾಸ ಬಂದರೆ ಮೊದಲು ಒಂಬತ್ತರಿಂದ ಭಾಗಿಸಿ ನೋಡಬೇಕು. ನಿಶ್ಶೇಷವಾಗಿ ಹೋದರೆ ಯಾರೋ ಅಂಕಿ ಅದಲುಬದಲು ಮಾಡಿರುವ ಸಂಶಯ. 6318 ಅನ್ನು 6381 ಎಂದು ಬರೆದರೆ ವ್ಯತ್ಯಾಸ 63. ಆಮೇಲೆ ಎರಡರಿಂದ ಭಾಗಿಸಬೇಕು. ಆ ಅರ್ಧದ ಮೊತ್ತ ಎಲ್ಲಾದರೂ ಸಿಕ್ಕರೆ, ಜಮೆಯನ್ನು ಖರ್ಚಿನ ಕಡೆ ಹಾಕಿದ್ದಾರೆಂದು ತಿಳಿಯಬೇಕು. ಇವೆರಡೂ ಕೈಕೊಟ್ಟಾಗ ಮಾತ್ರ ಇಡೀ ಲೆಡ್ಜರ್ ಬಿಚ್ಚುವುದು. ಅಗ್ಗದ ಕಾರಣ ಮೊದಲು, ದುಬಾರಿ ಕಾರಣ ಕಡೆಗೆ.

1984ರ ರಂಗರಾಜನ್ ಸಮಿತಿಯ ವರದಿಯ ನಂತರ ಬ್ಯಾಂಕುಗಳಿಗೆ ಯಂತ್ರಗಳು ಬಂದವು. ಯೂನಿಯನ್ನಿನವರು ಹೊರಗೆ ಘೋಷಣೆ ಕೂಗುತ್ತಿದ್ದಾಗ ರಾಯರು ಒಳಗೆ ಎಸಿ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಯಂತ್ರದ ದರ್ಶನಕ್ಕೆ ನಿಂತಿದ್ದರು. ಇವತ್ತಿಗೂ ಯಾರ ಮನೆಯ ಕಂಪ್ಯೂಟರ್ ನೋಡಲು ಹೋದರೂ ಆ ಕೋಣೆಯ ಹೊಸ್ತಿಲಲ್ಲಿ ಅವರ ಕಾಲು ತಾನಾಗಿ ಚಪ್ಪಲಿ ಕಳಚುತ್ತದೆ. ಮನೆಯವರು ಇದನ್ನು ಸಂಸ್ಕಾರವೆಂದು ತಿಳಿದಿದ್ದಾರೆ.

ಹೆಗಲಿಗೊಂದು ಬಟ್ಟೆಯ ಚೀಲ. ಅದರಲ್ಲಿ ಒಂದು ಟೆಸ್ಟರ್, ಗೋಡೆಗೆ ಬಣ್ಣ ಬಳಿಯುವ ಎರಡಿಂಚಿನ ಬ್ರಷ್, ಶಾಲೆಯ ಹುಡುಗರ ನಟರಾಜ್ ರಬ್ಬರ್, ರೂಪಾಯಿಯಗಲದ ಸಿಆರ್ 2032 ಸೆಲ್ಲುಗಳು, ಒಂದು ಉದ್ದನೆಯ ವಹಿ. ವಹಿಯಲ್ಲಿ ನಾಲ್ಕು ಕಾಲಂ: ತಾರೀಖು, ಮನೆಯವರ ಹೇಳಿಕೆ, ನಿಜವಾದ ಕಾರಣ, ಖರ್ಚು. ಎರಡನೆಯ ಕಾಲಂ ಬರೆಯಲು ಅವರಿಗೆ ಈಗ ಶ್ರಮವೇ ಇಲ್ಲ. ಎಲ್ಲರ ಹೇಳಿಕೆಯೂ ಒಂದೇ: “ಕಾಕಾ, ಕಾಹೀ ಕೇಲಂ ನಾಹೀ, ಆಪೋಆಪ್ ಬಂದ್ ಪಡ್ಲಂ.” ನಾವು ಏನೂ ಮಾಡಿಲ್ಲ, ತಾನಾಗಿ ನಿಂತಿತು. ರಾಯರು ಅದರ ಕೆಳಗೆ ಸಾಲುಸಾಲಾಗಿ ‘ಸದರಿ’ ಎಂದು ಹಾಕುತ್ತ ಬಂದಿದ್ದಾರೆ.

ಆಮೇಲೆ ಅವರ ಮೂಲಮಂತ್ರ: “ಮೊದಲ ಪ್ಲಗ್ ನೋಡ್ರಿ.” ಪ್ಲಗ್ ಆದ ಮೇಲೆ ಮಾನಿಟರಿನ ವಾಯರು, ಆಮೇಲೆ ಕ್ಯಾಪ್ಸ್ ಲಾಕ್, ನಮ್ ಲಾಕ್. ಪಾಸ್‌ವರ್ಡ್ ಯಾರೋ ಕದ್ದಿದ್ದಾರೆಂದು ಪೊಲೀಸ್ ಠಾಣೆಗೆ ಹೊರಟಿದ್ದವರೊಬ್ಬರನ್ನು ರಾಯರು ಕ್ಯಾಪ್ಸ್ ಲಾಕ್ ಒತ್ತಿ ಬಾಗಿಲಲ್ಲೇ ತಡೆದಿದ್ದಾರೆ. ಆನ್ ಮಾಡಿದರೆ ತೆರೆ ಕಪ್ಪು, ಒಳಗಿಂದ ಪೀಂ ಪೀಂ ಸದ್ದು ಬಂದರೆ ಅದು ರ್‍ಯಾಮ್. ಮಳೆಗಾಲದ ತೇವಕ್ಕೆ ಅದರ ಹೊಂಬಣ್ಣದ ಅಂಚು ಮಾಸಿರುತ್ತದೆ. ಪ್ಲಗ್ ಕಿತ್ತು, ಡಬ್ಬಿ ತೆಗೆದು, ಪಟ್ಟಿ ಹೊರಗೆಳೆದು, ಅಂಚಿಗೆ ರಬ್ಬರ್ ತಿಕ್ಕಿ, ಕ್ಲಿಕ್ ಅನ್ನುವಂತೆ ಕೂರಿಸಿದರೆ ಯಂತ್ರ ಎದ್ದು ಕೂರುತ್ತದೆ. ಹತ್ತು ನಿಮಿಷ ಓಡಿ ತಾನೇ ಆರಿಹೋಗುತ್ತಿದ್ದರೆ ಫ್ಯಾನಿನಲ್ಲಿ ಧೂಳು; ಅದಕ್ಕೆ ಬ್ರಷ್. ಸುಟ್ಟ ವಾಸನೆ ಬಂದರೆ ಕರೆಂಟ್ ಪೂರೈಸುವ ಎಸ್‌ಎಂಪಿಎಸ್ ಒಳಗೆ ಬೆಚ್ಚಗೆ ಮಲಗಲು ಹೋದ ಹಲ್ಲಿ. ಅಂಥ ದಿನ ರಾಯರು ವಹಿಯಲ್ಲಿ ‘ಹಲ್ಲಿ’ ಎಂದಷ್ಟೇ ಬರೆದು, ಮನೆಗೆ ಹೋಗಿ ಸ್ನಾನ ಮಾಡುತ್ತಾರೆ.

ವಹಿಯ ಕೆಲವು ಪುಟಗಳನ್ನು ನಾನು ಓದಿದ್ದೇನೆ. ಒಂದು ಮನೆಯಲ್ಲಿ ಮೊಮ್ಮಗ ಕೀಬೋರ್ಡ್ ಮೇಲೆ ತಬಲಾ ಬಾರಿಸಿದ್ದ. ಕಂಟ್ರೋಲ್, ಆಲ್ಟ್ ಮತ್ತು ಬಾಣದ ಗುರುತಿನ ಕೀಲಿ ಒಟ್ಟಿಗೆ ಬಿದ್ದು, ಆ ಹಳೆಯ ಯಂತ್ರದಲ್ಲಿ ಚಿತ್ರವೆಲ್ಲ ಅಡ್ಡ ಮಲಗಿತು. ಮನೆಯ ಯಜಮಾನರು ಸೋಲೊಪ್ಪಲಿಲ್ಲ. ಮಾನಿಟರನ್ನೇ ಅಡ್ಡ ಮಲಗಿಸಿ, ಜಾರದಂತೆ ಎರಡೂ ಕಡೆ ಇಂದ್ರಾಯಣಿ ಅಕ್ಕಿಯ ಚೀಲ ಒತ್ತುಕೊಟ್ಟು ಕೆಲಸ ನಡೆಸಿದರು.   ರಾಯರು ಹೋಗಿ ಅದೇ ಮೂರು ಕೀಲಿಗಳನ್ನು, ಈ ಸಲ ಮೇಲ್ಮುಖದ ಬಾಣದೊಂದಿಗೆ, ಒತ್ತಿದರು. ಚಿತ್ರ ನೆಟ್ಟಗಾಯಿತು. ಯಜಮಾನರು ಅಕ್ಕಿಯ ಚೀಲ ಸರಿಸಿ ಮಾನಿಟರನ್ನು ಮತ್ತೆ ನಿಲ್ಲಿಸಬೇಕಾಯಿತು.

ಇನ್ನೊಂದು ಮನೆಯಲ್ಲಿ ಇಂಟರ್ನೆಟ್ಟೇ ಕೆಟ್ಟಿತ್ತು. ಯಾವ ತಾಣ ತೆರೆದರೂ ‘ಸುರಕ್ಷಿತವಲ್ಲ’. ವೈಫೈ ಪೆಟ್ಟಿಗೆ ಬದಲಾಯಿಸಿದ್ದರು, ವಾಸ್ತುವನ್ನೂ ವಿಚಾರಿಸಿದ್ದರು. ರಾಯರು ತೆರೆಯ ಮೂಲೆಯ ತಾರೀಖು ನೋಡಿದರು. ಕಂಪ್ಯೂಟರ್ ಎಷ್ಟೋ ವರ್ಷ ಹಿಂದಿನ ಜನವರಿ 1ರಲ್ಲಿ ಕುಳಿತಿತ್ತು. ಮದರ್‌ಬೋರ್ಡಿನ ಸೆಲ್ಲು ಸತ್ತಿದೆ, ಆದ್ದರಿಂದ ಆರಿಸಿದಾಗೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತದೆ. ತಾಣಗಳ ಸುರಕ್ಷತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. ಆ ಕಂಪ್ಯೂಟರಿನ ಲೆಕ್ಕದಲ್ಲಿ ಅವೆಲ್ಲ ಇನ್ನೂ ಹುಟ್ಟೇ ಇಲ್ಲ. ಚೀಲದಿಂದ ಮೂರು ವೋಲ್ಟಿನ ಸೆಲ್ಲು ಬಂತು, ತಾರೀಖು ಸರಿಯಾಯಿತು, ವಾಸ್ತುವೂ ಸರಿಹೋಯಿತು.

ಪ್ರಿಂಟರಿನ ಕಥೆ ಬೇರೆ. ತಹಸೀಲಿಗೆ ಸಾತಬಾರಾ ಬೇಕು. ಸಾತಬಾರಾ ಎಂದರೆ ನಮ್ಮ ಪಹಣಿ. ಅಪ್ಪ ಪ್ರಿಂಟ್ ಕೊಟ್ಟರು, ಬರಲಿಲ್ಲ. ಅಮ್ಮ ಕೊಟ್ಟರು, ಬರಲಿಲ್ಲ. ಮಗ, ಸೊಸೆ, ಊಟಕ್ಕೆ ಬಂದ ಮಾವ, ಎಲ್ಲರೂ ತಮ್ಮ ಕೈಗುಣ ಪರೀಕ್ಷಿಸಿದರು. ರಾಯರು ಬಂದು ಪ್ರಿಂಟ್ ಸ್ಪೂಲರ್ ನಿಲ್ಲಿಸೋಣ, ಸರದಿಯಲ್ಲಿ ಸಿಕ್ಕಿಬಿದ್ದ ಕಡತಗಳನ್ನು ಅಳಿಸೋಣ ಎಂದು ಕೈ ಚಾಚುವಷ್ಟರಲ್ಲಿ ಮಾವನವರು ಪ್ರಿಂಟರಿನ ತಲೆಗೆ ಒಂದು ಏಟು ಹಾಕಿದರು. ಸಿಕ್ಕ ಕಾಗದ ಸಡಿಲಾಗಿ, ಎಲ್ಲರ ಸಾತಬಾರಾವೂ ಒಂದರ ಹಿಂದೊಂದು ಹೊರಬಂತು. ಊರಲ್ಲಿ ಪ್ರಿಂಟರ್ ರಿಪೇರಿಗೆ ಮಾವನವರ ಹೆಸರೂ ಈಗ ಚಾಲ್ತಿಯಲ್ಲಿದೆ.

ರಾಯರಿಗೆ ಊರಲ್ಲಿ ಶತ್ರು ಎಂದರೆ ಒಬ್ಬನೇ, ಕಂಪ್ಯೂಟರ್ ಅಂಗಡಿಯ ಹುಡುಗ. ಅವನಿಗೆ ಗೊತ್ತಿರುವುದು ಒಂದೇ ವಾಕ್ಯ: “ಫಾರ್ಮ್ಯಾಟ್ ಮಾರಾವಾ ಲಾಗೇಲ್.” ಸದ್ದು ಬರದಿದ್ದರೂ ಫಾರ್ಮ್ಯಾಟ್, ನಿಧಾನವಾದರೂ ಫಾರ್ಮ್ಯಾಟ್. “ಫಾರ್ಮ್ಯಾಟ್ ಅಂದ್ರ ರೈಟ್ ಆಫ್” ಎಂದು ರಾಯರು ಸಿಡುಕುತ್ತಾರೆ. “ಸಾಲ ವಸೂಲು ಮಾಡಲಿಕ್ಕೆ ಬರದ ಮ್ಯಾನೇಜರ್ ಮಾಡೂ ಕೆಲಸ. ಬುಕ್ ಸ್ವಚ್ಛ ಕಾಣ್ತದ, ರೊಕ್ಕ ಹೋಗಿರ್ತದ.” ಮಗಳ ಮದುವೆಯ ಫೋಟೋಗಳು ಈ ರೈಟ್ ಆಫ್‌ನಲ್ಲಿ ಹೋದ ಮನೆಗಳಲ್ಲಿ ರಾಯರ ಮಾತಿಗೆ ಬಹಳ ಬೆಲೆ.

ಆ ಹುಡುಗನೇ ಒಮ್ಮೆ ರಾಯರ ಮನೆ ಬಾಗಿಲಿಗೆ ಬಂದ. ಹೋಟೆಲಿನವರ ಮಗನ ಮುಂಜಿಯ ಆಮಂತ್ರಣ ಉಡುಪಿಯಿಂದ ಅವನ ಅಂಗಡಿಗೆ ಮೇಲ್‌ನಲ್ಲಿ ಬಂದಿತ್ತು. ತೆರೆದರೆ ಕನ್ನಡದ ಬದಲು ಟೊಪ್ಪಿಗೆ ಹಾಕಿದ ಇಂಗ್ಲಿಷ್ ಅಕ್ಷರಗಳು, ಡಿಗ್ರಿ ಚಿಹ್ನೆಗಳು, ನಡುನಡುವೆ ಪೌಂಡು. ವೈರಸ್ಸೇ ಎಂದು ಹುಡುಗ ರಾತ್ರಿಯೆಲ್ಲ ಕ್ವಿಕ್ ಹೀಲ್ ಓಡಿಸಿದ್ದ. ಏನೂ ಸಿಗಲಿಲ್ಲ, ಸಿಗುವಂಥದ್ದು ಇರಲೂ ಇಲ್ಲ. ಬರೆದಿದ್ದು ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಫಾಂಟಿನಲ್ಲಿ, ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಕ್ಷರಗಳು ಹೀಗೇ ವೇಷ ಹಾಕುತ್ತವೆ. ಅವನ ಅಂಗಡಿಯಲ್ಲೇ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರ ಶ್ರೀಲಿಪಿಯಲ್ಲಿ ಹೊಡೆದ ಮರಾಠಿ ಪತ್ರಿಕೆಗಳು ಬೇರೆಯವರ ಮನೆಯಲ್ಲಿ ಇದೇ ವೇಷ ಹಾಕುತ್ತಿದ್ದದ್ದು ಅವನಿಗೆ ಹೊಳೆದಿರಲಿಲ್ಲ. ರಾಯರು ಫಾಂಟ್ ಹಾಕಿಕೊಟ್ಟು, ಜೊತೆಗೆ ಒಂದು ಉಪದೇಶವನ್ನೂ ಮಾಡಿದರು: “ನೋಡಪಾ, ಆ ಕ್ವಿಕ್ ಹೀಲ್ ಕಟ್ಟಿದ ಕೈಲಾಶ್ ಕಾಟ್ಕರ್ ಪುಣೆದಾಗ ಕ್ಯಾಲ್ಕುಲೇಟರ್ ರಿಪೇರಿ ಮಾಡ್ತಿದ್ದರು. ಬಿಚ್ಚಿ ನೋಡಾವ ಮ್ಯಾಲೆ ಬರ್ತಾನ, ಅಳಿಸಾವ ಅಲ್ಲೇ ಇರ್ತಾನ.” ಹುಡುಗ ತಲೆದೂಗಿದ. ಮರುದಿನ ಯಥಾಪ್ರಕಾರ ಇನ್ನೊಂದು ಮನೆ ಫಾರ್ಮ್ಯಾಟ್ ಮಾಡಿದ.

ರಾಯರ ನಿಜವಾದ ಹೆಚ್ಚುಗಾರಿಕೆ ಕಾರಣ ಹುಡುಕುವುದರಲ್ಲಿಲ್ಲ, ಸಿಕ್ಕ ಕಾರಣವನ್ನು ಮುಚ್ಚಿಡುವುದರಲ್ಲಿದೆ. ಪ್ಲಗ್ ಸಡಿಲಾಗಿತ್ತೆಂದು ನೇರ ಹೇಳಿದರೆ ಮನೆಯ ಯಜಮಾನನ ಮುಖ ಎಲ್ಲಿ ಉಳಿಯಬೇಕು? ಮಕ್ಕಳ ಮುಂದೆ, ಅದರಲ್ಲೂ ಸೊಸೆಯ ಮುಂದೆ? ಆದ್ದರಿಂದ ರಾಯರು ಮಾತಾಡುತ್ತಲೇ ಪ್ಲಗ್ಗನ್ನು ಕಾಲಿನಿಂದ ಒಳಕ್ಕೆ ಒತ್ತಿ, ಆಮೇಲೂ ಹತ್ತು ನಿಮಿಷ ಹುಬ್ಬು ಗಂಟಿಕ್ಕಿ ಕೂರುತ್ತಾರೆ. ಕಪ್ಪು ಕಿಟಕಿ ತೆರೆದು ಐಪಿಕಾನ್ಫಿಗ್ ಎಂದು ಟೈಪ್ ಮಾಡುತ್ತಾರೆ. ಅಂಕಿಗಳು ಸರಸರ ಓಡುತ್ತವೆ. ಮನೆಯವರು ಉಸಿರು ಬಿಗಿಹಿಡಿಯುತ್ತಾರೆ. “ಸ್ವಲ್ಪ ಪವರ್ ಮ್ಯಾನೇಜ್‌ಮೆಂಟ್ ಪ್ರಾಬ್ಲೆಮ್ ಇತ್ತು” ಎಂಬ ತೀರ್ಪು ಬರುತ್ತದೆ. ಸುಳ್ಳಲ್ಲ. ಚಹಾ, ಕಾಂದಾ ಪೋಹೆ ಬರುತ್ತವೆ. ಮೂರನೆಯ ಕಾಲಂನಲ್ಲಿ ಮಾತ್ರ ‘ಪ್ಲಗ್’ ಎಂದೇ ದಾಖಲು. ವಹಿಗೆ ಸುಳ್ಳು ಬರೆಯುವುದು ಬ್ಯಾಂಕಿನವನ ಕೈಯಲ್ಲಿ ಆಗದ ಕೆಲಸ.

ಈ ಮುಲಾಜು ಅವರು ಬಿಟ್ಟದ್ದು ಒಮ್ಮೆ ಮಾತ್ರ. ಪಕ್ಕದ ಮನೆಯ ಅಜ್ಜಿಗೆ ‘ಬ್ಯಾಂಕಿನಿಂದ’ ಫೋನ್: ನಿಮ್ಮ ಕಂಪ್ಯೂಟರಿನಲ್ಲಿ ದೋಷವಿದೆ, ಒಂದು ಆ್ಯಪ್ ಹಾಕಿಕೊಳ್ಳಿ, ತೆರೆ ನಮಗೆ ಕಾಣಲಿ. ಅಜ್ಜಿ ಫೋನನ್ನು ರಾಯರ ಕೈಗಿತ್ತರು. ರಾಯರು ಬಹಳ ವಿನಯದಿಂದ ಬ್ರಾಂಚಿನ ಐಎಫ್‌ಎಸ್‌ಸಿ ಕೇಳಿದರು. ಆ ಕಡೆಯವನು ತಡವರಿಸಿ ಏನೋ ಹೇಳಿದ. “ಐದನೇ ಅಕ್ಷರ ಏಳು ಅಂದ್ರಿ? ಹಿಂದೂಸ್ತಾನದ ಎಲ್ಲಾ ಬ್ರಾಂಚಿಗೂ ಅಲ್ಲಿ ಸೊನ್ನೆ ಇರ್ತದಪಾ. ದೋಷ ನಿಮ್ಮ ಕಡೆ ಅದ. ಮೊದಲ ನಿಮ್ಮ ಪ್ಲಗ್ ನೋಡ್ರಿ.” ಫೋನ್ ಕಟ್ಟಾಯಿತು. ಆ ದಿನವೇ ಗಲ್ಲಿಯ ಎಲ್ಲ ಮನೆಗಳ ಮಾನಿಟರಿಗೂ ರಾಯರು ಚೀಟಿ ಅಂಟಿಸಿ ಬಂದರು: ತೆರೆ ಯಾರಿಗೂ ತೋರಿಸಬೇಡಿ, ಹಣ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಈಚೆಗೆ ರಾಯರ ಮುಖ ಸ್ವಲ್ಪ ಬಾಡಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಹನ್ನೊಂದು ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ಪು ಕೇಳುತ್ತದೆ, ಭೋರಿನ ಹಳೆಯ ಡಬ್ಬಿಗಳಲ್ಲಿ ಅದಿಲ್ಲ. “ರಿಟೈರ್ ಆದ್ಮ್ಯಾಲೂ ಕೆಲಸ ಮಾಡ್ತದ, ಆದ್ರ ಅದರ ಕೈಯಾಗ ಖಜಾನೆ ಕೀಲಿ ಕೊಡಬ್ಯಾಡ್ರಿ” ಎಂದು ಹೇಳಿ, ಬ್ಯಾಂಕಿನ ವ್ಯವಹಾರಕ್ಕೆ ಅವನ್ನು ಬಳಸಬೇಡಿರೆಂದು ಮನೆಮನೆಗೆ ಎಚ್ಚರಿಸಿದ್ದಾರೆ. ಹೊಸ ಲ್ಯಾಪ್‌ಟಾಪುಗಳಲ್ಲಂತೂ ಎಷ್ಟೋ ಕಡೆ ರ್‍ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ರಬ್ಬರಿಗೆ ಕೆಲಸವಿಲ್ಲ.

ಮಗ ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಏನು ಕೇಳಿದರೂ “ಅಪ್ಪಾ, ಅದು ಹಾರ್ಡ್‌ವೇರ್, ನಮ್ಮ ಕಡೆ ಬರೂದಿಲ್ಲ” ಎನ್ನುವವನು. ಕಳೆದ ದೀಪಾವಳಿಗೆ ಬಂದವನ ಕಂಪನಿಯ ಲ್ಯಾಪ್‌ಟಾಪ್ ಮಧ್ಯಾಹ್ನದ ಹೊತ್ತಿಗೆ ಸತ್ತುಬಿದ್ದಿತು. ಸಂಜೆ ಮೀಟಿಂಗು. ಪುಣೆಯ ಸಪೋರ್ಟಿನವರಿಗೆ ಫೋನ್ ಮಾಡಿ ಮದರ್‌ಬೋರ್ಡ್ ಹೋಗಿದೆ ಎಂದು ಆಗಲೇ ನಿರ್ಣಯವನ್ನೂ ಕೊಟ್ಟಿದ್ದ. “ನಾ ಏನೂ ಮಾಡಿಲ್ಲಪಾ, ತಾನ ಬಂದ್ ಆತು.” ರಾಯರು ವಹಿ ತೆಗೆದು ‘ಸದರಿ’ ಎಂದು ಬರೆದರು. ಚಾರ್ಜರಿನ ವಾಯರು ಹಿಡಿದುಕೊಂಡು ಸೋಫಾದ ಹಿಂದಕ್ಕೆ ಹೋದರು, ಅಲ್ಲಿಂದಲೇ ಪುಣೆಯ ಹವೆಯ ಬಗ್ಗೆ ಎರಡು ಮಾತಾಡಿದರು, ಬಂದು ಲ್ಯಾಪ್‌ಟಾಪಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ದೀಪ ಹೊತ್ತಿತು. “ಬ್ಯಾಟರಿ ಕ್ಯಾಲಿಬ್ರೇಶನ್ ಅಂತ ಹೇಳು ನಿಮ್ಮ ಮಂದಿಗೆ” ಎಂದರು. ಮಗ ಅಪ್ಪನನ್ನು ಬೆರಗಿನಿಂದ ನೋಡಿದ.

ಅಷ್ಟರಲ್ಲಿ ಅಡುಗೆಮನೆಯಿಂದ ರಾಯರ ಹೆಂಡತಿ, ನಮ್ಮ ವೈನಿಯವರ ದನಿ: “ಸೋಫಾ ಹಿಂದಿಂದು ಸ್ವಿಚ್ ನಾನ ಬಂದ್ ಮಾಡೀನ್ರಿ, ಅಲ್ಲಿ ಮಿಕ್ಸರ್ ಹಚ್ಚಿದ್ದೆ. ಚಕ್ಕುಲಿ ಹಿಟ್ಟಿಗೆ. ಚಾಲೂ ಮಾಡಿಕೊಂಡ್ರೇನು?”

ರಾಯರು ಮಗನ ಮುಖ ನೋಡಿದರು, ಅಡುಗೆಮನೆಯ ಬಾಗಿಲು ನೋಡಿದರು, ಪೆನ್ನಿನ ಮುಚ್ಚಳ ತೆಗೆದರು. ಮೂರನೆಯ ಕಾಲಂನಲ್ಲಿ, ಬ್ಯಾಂಕಿನ ಅಷ್ಟೂ ವರ್ಷಗಳ ನಿಷ್ಠೆಯನ್ನು ಬದಿಗಿಟ್ಟು ಬರೆದರು: ಲೋಡ್ ಶೆಡ್ಡಿಂಗ್.