ಅಪ್ಪ ಬಿದ್ದದ್ದು ರಜಾದಿನದಲ್ಲಿ

ಮಾನ್ಯ ಕುಲಸಚಿವರಿಗೆ,

ಎಂ.ಎ. ಎರಡನೇ ಸೆಮಿಸ್ಟರ್ ವಿದ್ಯಾರ್ಥಿಯ ನಮಸ್ಕಾರಗಳು. ಮೊದಲು ಕ್ಷಮೆ ಕೇಳಿಬಿಡುತ್ತೇನೆ. ನಮ್ಮಪ್ಪನಿಗೆ ಲಕ್ವ ಹೊಡೆದದ್ದು ಭಾನುವಾರ ರಾತ್ರಿ. ರಜೆಗೆ ಮುಂಚಿತವಾಗಿ ಅನುಮತಿ ಪಡೆಯಬೇಕೆಂಬ ತಮ್ಮ ನಿಯಮ ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಶುಕ್ರವಾರವೇ ತಿಳಿಸಿ, ಕಚೇರಿ ವೇಳೆಯಲ್ಲೇ ಬೀಳುತ್ತಿದ್ದರು.

ಊರಿಗೆ ಓಡಿ, ವಾಪಸು ಬರುವಷ್ಟರಲ್ಲಿ ಹಾಜರಾತಿ ಶೇ. 72. ಬೇಕಾದದ್ದು 75. ಆಸ್ಪತ್ರೆಯ ಪ್ರಮಾಣಪತ್ರ ಕೊಟ್ಟೆ. ಮೂರನೇ ಕಿಟಕಿಯ ಗುಮಾಸ್ತರು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ, “ಇದು ನಿಮ್ಮಪ್ಪಂದು. ನಿಮಗೇನಾಗಿದೆ?” ಅಂದರು. ನನಗೇನೂ ಆಗಿರಲಿಲ್ಲ, ಸುಮ್ಮನೆ ನಿಂತೆ.

ಡೀನ್ ಸಹಿ ಬೇಕೆಂದರು. ಡೀನ್ ಸಾಹೇಬರು ಸಭೆಯಲ್ಲಿದ್ದರು. ಮರುದಿನ ನ್ಯಾಕ್ ತಂಡದ ಸ್ವಾಗತಕ್ಕೆ ಕುಂಡಗಳಿಗೆ ಕೆಮ್ಮಣ್ಣು ಬಳಿಸುತ್ತಿದ್ದರು. ಮೂರನೇ ದಿನ ಸಹಿ ಸಿಕ್ಕಿತು, ಸೀಲು ಸಿಗಲಿಲ್ಲ. ಬೀರುವಿನ ಬೀಗದ ಕೈ ಚುನಾವಣಾ ಕೆಲಸಕ್ಕೆ ಹೋದವರ ಜೇಬಿನಲ್ಲಿತ್ತಂತೆ. ಹೀಗೆ ಹಾಜರಾತಿ ಕೊರತೆ ಮನ್ನಾ ಮಾಡಿಸಲು ಅಲೆದಲೆದು, ಆ ದಿನಗಳ ತರಗತಿಯೂ ತಪ್ಪಿ, ಸದ್ಯ ಶೇ. 69ರಲ್ಲಿದ್ದೇನೆ.

ಶುಲ್ಕ ರಿಯಾಯಿತಿ ಕೇಳಿದ್ದಕ್ಕೆ ಆದಾಯ ಪ್ರಮಾಣಪತ್ರ ತರಲು ಹೇಳಿದಿರಿ. ನಾಡಕಚೇರಿ ಕೊಟ್ಟ ಆ ಕಾಗದಕ್ಕೆ 5 ವರ್ಷ ಆಯುಸ್ಸು. ಅದರಲ್ಲಿ ಅಪ್ಪ ಇನ್ನೂ ಗಾರೆ ಕೆಲಸಕ್ಕೆ ಹೋಗುತ್ತಿದ್ದಾರೆ. ಮನೆಯಲ್ಲಿ ಅವರ ಬಲಗೈಯಲ್ಲಿ ಲೋಟ ನಿಲ್ಲುವುದಿಲ್ಲ; ಅವ್ವ ಚೆಲ್ಲಿದ ಗಂಜಿಯನ್ನು ಸೆರಗಿನಿಂದ ಒರೆಸಿ ಮತ್ತೆ ಬಾಯಿಗೆ ಗುಟುಕಿಡುತ್ತಾಳೆ. ಕಾಗದದ ಅಪ್ಪ ಮಾತ್ರ ಗಟ್ಟಿಮುಟ್ಟು. ಅವರನ್ನೇ ಮನೆಗೆ ಕಳಿಸಿಕೊಡಲು ತಮ್ಮಲ್ಲಿ ಯಾವುದಾದರೂ ಅರ್ಜಿ ನಮೂನೆ ಇದೆಯೇ?

ಗೆಳೆಯನೊಬ್ಬ ಯುಜಿಸಿಯ 2023ರ ನಿಯಮಾವಳಿ ತೋರಿಸಿದ. ವಿದ್ಯಾರ್ಥಿಯ ದೂರು ತಲುಪಿದ 15 ಕೆಲಸದ ದಿನಗಳೊಳಗೆ ಕುಂದುಕೊರತೆ ಸಮಿತಿ ವರದಿ ಕೊಡಬೇಕಂತೆ. ಹಿಗ್ಗಿ ದೂರು ಬರೆದೆ. ತಿಂಗಳಾದ ಮೇಲೆ ವಿಚಾರಿಸಿದರೆ, ಇನ್‌ವರ್ಡ್ ನಂಬರ್ ಬಿದ್ದಿಲ್ಲ, ಆದ್ದರಿಂದ ದೂರು ಇನ್ನೂ ತಲುಪಿಲ್ಲ, ಆದ್ದರಿಂದ ಮೊದಲ ದಿನವೇ ಶುರುವಾಗಿಲ್ಲ ಎಂದರು. ಕಾಲವನ್ನೇ ಟಪಾಲು ವಿಭಾಗದಲ್ಲಿ ಕಟ್ಟಿಹಾಕಿದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೇನೆಂಬ ಹೆಮ್ಮೆ ನನಗಿದೆ.

ಆಪ್ತಸಮಾಲೋಚನಾ ಕೇಂದ್ರಕ್ಕೂ ಹೋಗಿದ್ದೆ. ಕಾಲು ಮುರಿದ ಬೆಂಚುಗಳನ್ನು ಅಲ್ಲಿ ಪೇರಿಸಿಟ್ಟಿದ್ದಾರೆ. ಕೇಳಿಸಿಕೊಳ್ಳುವ ತಾಳ್ಮೆಯಂತೂ ಅವಕ್ಕಿತ್ತು.

ಪೋಷಕರ ಸಹಿಯುಳ್ಳ ಅರ್ಜಿಯನ್ನು ಮತ್ತೊಮ್ಮೆ ಲಗತ್ತಿಸಿದ್ದೇನೆ. ಸಹಿಯ ಜಾಗದಲ್ಲಿರುವುದು ಅಪ್ಪನ ಎಡಗೈ ಹೆಬ್ಬೆಟ್ಟು. ಬಲಗೈದೇ ಆಗಬೇಕಿದ್ದರೆ, ದಯವಿಟ್ಟು ಮುಂಚಿತವಾಗಿ ತಿಳಿಸಬೇಕಾಗಿ ವಿನಂತಿ.

ತಮ್ಮ ವಿಧೇಯ,
ಶೇ. 69ರ ವಿದ್ಯಾರ್ಥಿ