ತೆರಿಗೆಧನ ಭೇದಾಭೇದ ವಿಚಾರ

ಸಂಬಳದವನಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಕಂಪನಿಯೇ ತೆರಿಗೆ ಮುರಿದುಕೊಂಡು ಉಳಿದದ್ದನ್ನು ಕೊಡುವುದರಿಂದ ಅವನಿಗೆ ಸಂಶಯ ಹುಟ್ಟದು. ಸಂಶಯವಿಲ್ಲದೆಡೆ ಶಾಸ್ತ್ರವೂ ಇಲ್ಲ. ಇಲ್ಲಿ ಅಧಿಕಾರಿ ಯಾರೆಂದರೆ, ಜಯನಗರದ ಮಹಡಿಮನೆಯಲ್ಲಿ ಕೂತು ಅಮೆರಿಕದ ಗಿರಾಕಿಗೆ ಕೋಡ್ ಬರೆದುಕೊಡುವ ಫ್ರೀಲ್ಯಾನ್ಸರ್. ಇಲ್ಲಿನ ಕಂಪನಿಯಾದರೆ ಟಿಡಿಎಸ್ ಎಂದು ಒಂದಿಷ್ಟು ಹಿಡಿದುಕೊಳ್ಳುತ್ತದೆ. ಡಾಲರು ಇಡಿಯಾಗಿ ಬರುತ್ತದೆ. ಹೀಗೆ ಬಂದ ಹಣದಲ್ಲಿ ಸರ್ಕಾರದ ಪಾಲೂ ತನ್ನ ಪಾಲೂ ಒಂದೋ, ಬೇರೆಯೋ?

ಪೂರ್ವಪಕ್ಷ ಅದ್ವೈತಿಗಳದು. ಖಾತೆ ಒಂದೇ, ಬ್ಯಾಲೆನ್ಸು ಒಂದೇ. ಭೇದವೆಂಬುದು ಸಿಎ ಹುಟ್ಟಿಸಿದ ಭ್ರಮೆ. ಈ ಜ್ಞಾನ ಗಟ್ಟಿಯಾದವನು ಹೊಸ ಲ್ಯಾಪ್‌ಟಾಪ್ ಕೊಳ್ಳುತ್ತಾನೆ, ಗೋಕರ್ಣಕ್ಕೆ ಹೋಗಿಬರುತ್ತಾನೆ. ಮಾರ್ಚ್ ಬಂದಾಗ ವ್ಯಾವಹಾರಿಕ ಸತ್ಯ ಎದುರಾಗುತ್ತದೆ.

ಅದರ ಪ್ರಮಾಣ ಇಂತಿದೆ. 2025–26ರಲ್ಲಿ 40 ಲಕ್ಷ ರೂಪಾಯಿ ಬಂತೆನ್ನಿ. 1961ರ ಕಾಯ್ದೆಯ 44ಎಡಿಎ ಕಲಮು ಅದರಲ್ಲಿ ಅರ್ಧವನ್ನಷ್ಟೇ ಆದಾಯವೆಂದು ಭಾವಿಸಿ, ಉಳಿದರ್ಧಕ್ಕೆ ರಸೀದಿಯನ್ನೂ ಕೇಳದು. (ಮಾಯಾವಾದವನ್ನು ಇಷ್ಟು ಉದಾರವಾಗಿ ಒಪ್ಪಿದ ದರ್ಶನ ಇನ್ನೊಂದಿಲ್ಲ.) 20 ಲಕ್ಷಕ್ಕೆ ಹೊಸ ಪದ್ಧತಿಯಲ್ಲಿ ತೆರಿಗೆ 2 ಲಕ್ಷ, ಶೇ. 4ರ ಸೆಸ್ ಸೇರಿ 2,08,000. ಇತರರು ಮುಂಗಡ ತೆರಿಗೆಯನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ಎಂದು ನಾಲ್ಕು ಕಂತಿನಲ್ಲಿ ಕಟ್ಟಿದರೆ, 44ಎಡಿಎಯವನಿಗೆ ಮಾರ್ಚ್ 15ರೊಳಗೆ ಒಂದೇ ಕಂತು. ವರ್ಷವಿಡೀ ಯಾರೂ ಬಾಗಿಲು ತಟ್ಟದ ಈ ಸೌಲಭ್ಯವೇ ಅದ್ವೈತಭಾವಕ್ಕೆ ಮೂಲವೆಂದು ನಮ್ಮ ಮತ. ತಪ್ಪಿಸಿ, ಜುಲೈನಲ್ಲಿ ರಿಟರ್ನ್ ಜೊತೆ ಕಟ್ಟಿದವನಿಗೆ 234ಸಿ ಪ್ರಕಾರ ಶೇ. 1, 234ಬಿ ಪ್ರಕಾರ ಏಪ್ರಿಲ್‌ನಿಂದ ತಿಂಗಳಿಗೆ ಶೇ. 1, ಒಟ್ಟು 10,400 ರೂಪಾಯಿ ಬಡ್ಡಿ.

ವಿಶಿಷ್ಟಾದ್ವೈತಿ ಸ್ವೀಪ್-ಇನ್ ಎಫ್‌ಡಿ ಮಾಡಿಸುತ್ತಾನೆ. ಠೇವಣಿಯು ಖಾತೆಗೆ ಶರೀರದಂತೆ, ಬೇರೆಯಾದರೂ ಬಿಡಿಸಲಾಗದ್ದು. ಮತ ಸೊಗಸಾಗಿದೆ. ದೋಷವೊಂದೇ: ಖಾತೆ ಬರಿದಾದಾಗ ಎಫ್‌ಡಿ ತಾನಾಗಿ ಮುರಿದು ಕಾರ್ಡಿನ ಬಿಲ್ಲು ತೀರಿಸುತ್ತದೆ, ಭಕ್ತನಿಗೆ ಸುಳಿವೂ ಸಿಗದು.

ಆದ್ದರಿಂದ ದ್ವೈತವೇ ಸಿದ್ಧಾಂತ. ಎರಡು ಬ್ಯಾಂಕು, ಎರಡು ಖಾತೆ, ಭೇದ ನಿತ್ಯ. ಡಾಲರು ಜಮೆಯಾದ ದಿನವೇ ಸರ್ಕಾರದ ಪಾಲು ಆಚೆ ಹೋಗಬೇಕು. ಆ ಖಾತೆಯ ಡೆಬಿಟ್ ಕಾರ್ಡನ್ನು ಊರಿನಲ್ಲಿರುವ ಅಮ್ಮನ ಟ್ರಂಕಿನಲ್ಲಿಡುವುದು ಶಿಷ್ಟಾಚಾರ. ಅದಕ್ಕೆ ಯುಪಿಐ ಜೋಡಿಸಿದವನು ಮತಭ್ರಷ್ಟ.

ಆಕ್ಷೇಪ: ತೆರಿಗೆ ಖಾತೆಯಿಂದ ತಾನೇ ಕೈಗಡ ಪಡೆಯಬಹುದೇ? ಕೂಡದು. ಕೊಟ್ಟವನೂ ಪಡೆದವನೂ ಒಬ್ಬನೇ ಆಗಿ ಅದ್ವೈತವು ಹಿಂಬಾಗಿಲಿನಿಂದ ಬರುತ್ತದೆ. ಆದರೆ ಗಿರಾಕಿ ‘ಮುಂದಿನ ವಾರ ಪೇಮೆಂಟ್’ ಎಂದು ಇಮೇಲ್ ಕಳಿಸಿದ್ದಾನಲ್ಲ, ಅದು ಆಪ್ತವಾಕ್ಯವಲ್ಲವೇ? ಅಲ್ಲ. ಈ ಶಾಸ್ತ್ರದಲ್ಲಿ ಪ್ರತ್ಯಕ್ಷವೊಂದೇ ಪ್ರಮಾಣ, ಅದೂ ಬ್ಯಾಂಕಿನಿಂದ ಎಸ್ಸೆಮ್ಮೆಸ್ ರೂಪದಲ್ಲಿ ಬಂದಿರತಕ್ಕದ್ದು.