ಟಂಟಂ ಬೀಜಗಣಿತ

ಗಣಿತದ ಪುಸ್ತಕದಲ್ಲಿ ಒಬ್ಬ ಅಪ್ಪ ಇದ್ದಾನೆ. ಅವನ ವಯಸ್ಸು ಮಗನ ವಯಸ್ಸಿನ ಮೂರು ಪಟ್ಟು; ಹತ್ತು ವರ್ಷದ ಮೇಲೆ ಎರಡೇ ಪಟ್ಟು. ಇಬ್ಬರ ವಯಸ್ಸೆಷ್ಟು? ಹುಕ್ಕೇರಿಯ ನಮ್ಮ ಸೋದರಮಾವನ ಮುಂದೆ ಈ ಲೆಕ್ಕ ಇಟ್ಟರೆ, "ಅಪ್ಪನ್ನ ಕೇಳೂದು ಬಿಟ್ಟು ಎಕ್ಸ್‌ನ ಯಾಕ ಕೇಳತೀಯೋ?" ಎಂದರು. ವಯಸ್ಸಿನ ಲೆಕ್ಕವೆಂದರೆ ಅವರಿಗೆ ಮೊದಲಿಂದಲೂ ಅನುಮಾನ. ಶಾಲೆಗೆ ಹಚ್ಚುವಾಗ ಮಾಸ್ತರರು ಜೂನ್ 1 ಎಂದು ಬರೆದುಕೊಂಡ ತಲೆಮಾರು ಅವರದು. ಓಣಿಯ ಅರ್ಧ ಮಂದಿ ಅದೇ ದಿನ ಹುಟ್ಟಿದ್ದಾರೆ.

ಅದೇ ಮಾವ, ಕಬ್ಬಿನ ಬಿಲ್ಲಿನ ಮಾತು ಬಂದರೆ ಬೇರೆಯೇ ಮನುಷ್ಯ. ಚಹಾದಂಗಡಿಯಲ್ಲಿ ಯಾರೋ ಗೋಳಾಡಿದರು: ಮೂರರಲ್ಲಿ ಒಂದು ಪಾಲು ಸೊಸೈಟಿ ಸಾಲಕ್ಕೆ ಹೋಯಿತು, ಕಾಲು ಪಾಲು ಕಬ್ಬು ಕಡಿಯುವ ಗ್ಯಾಂಗಿಗೆ, ಕೈಗೆ ಬಂದದ್ದು ಬರೀ 50,000. ಮಾವ ಬಸಿಯಿಂದ ತುಟಿ ತೆಗೆಯದೆ ಲೆಕ್ಕ ಹಾಕಿದರು. "ಬಿಲ್ಲು 12 ರೂಪಾಯಿ ಅಂತ ತಿಳಕೋ. ಸೊಸೈಟಿಗೆ 4, ಗ್ಯಾಂಗಿಗೆ 3, ಉಳದದ್ದು 5. ಐದರ ಜಾಗಾದಾಗ ಐವತ್ತು ಸಾವಿರ ಬಂದೈತಿ. ಅಂದ್ರ ನಿನ್ನ ಬಿಲ್ಲು ಒಂದು ಲಕ್ಷ ಇಪ್ಪತ್ತು ಸಾವಿರ. ಇಷ್ಟ ಬಂದಮ್ಯಾಲೂ ಚಹಾದ ರೊಕ್ಕ ನಾನs ಕೊಡಬೇಕೇನು?"

ಬೇಕಾದ ಒಂದು ಸಂಖ್ಯೆ ಹಿಡಿದು, ಲೆಕ್ಕ ನಡೆಸಿ, ಆಮೇಲೆ ತ್ರೈರಾಶಿಯಿಂದ ಸರಿಪಡಿಸುವ ಈ ಉಪಾಯಕ್ಕೆ ಇಷ್ಟಕರ್ಮ ಎಂದು ಹೆಸರು. 1150ರಲ್ಲಿ ಭಾಸ್ಕರಾಚಾರ್ಯರು 'ಲೀಲಾವತಿ'ಯಲ್ಲಿ ಬರೆದಿದ್ದಾರೆ. ಮಾವ ಲೀಲಾವತಿ ಓದಿದವರಲ್ಲ. ಅತ್ತೆಯ ಪ್ರಕಾರ ಕರೆಂಟ್ ಬಿಲ್ಲನ್ನೂ ಓದುವುದಿಲ್ಲ.

ಗೋಕಾಕದಿಂದ ಮೂಡಲಗಿಗೆ ಹೊರಟ ಟಂಟಂ ಇನ್ನೊಂದು ಪಾಠಶಾಲೆ. ಕಡೆಯವರೆಗೆ 40 ರೂಪಾಯಿ, ನಡುವೆ ಕಲ್ಲೋಳಿಗೆ ಇಳಿದರೆ 20 ಎಂದಿಟ್ಟುಕೊಳ್ಳಿ. ಹತ್ತಿದವರು 12 ಮಂದಿ, ಕೈಗೆ ಬಂದದ್ದು 380. "ಎಲ್ಲಾರೂ ಪೂರ್ತಿ ಕೊಟ್ಟಿದ್ರ 480. ನೂರು ಕಡಿಮಿ ಐತಿ, ಅಂದ್ರ ಕಲ್ಲೋಳಿಯವರು ಐದು ಮಂದಿ. ಇಳದವರು ಆರು! ಏ ನೀಲಿ ಅಂಗಿ, ಆ ಆರನೇದಾವ ಯಾರಪಾ?" ಎಂದು ಡ್ರೈವರ್ ಗದರುತ್ತಾನೆ. ನಗಬೇಡಿ. ಭಾಸ್ಕರಾಚಾರ್ಯರ 'ಬೀಜಗಣಿತ'ದಲ್ಲೂ ಗೊತ್ತಿಲ್ಲದ ಮೊದಲ ರಾಶಿಗೆ ಯಾವತ್ತಾವತ್ ಎಂದು ಹೆಸರು, ಮುಂದಿನವಕ್ಕೆ ಬಣ್ಣಗಳು: ಕಾಲಕ, ನೀಲಕ, ಪೀತಕ, ಲೋಹಿತಕ. ಗುರುತು ಸಿಗದವರನ್ನು ಅಂಗಿಯ ಬಣ್ಣ ಹಿಡಿದು ಕೂಗುವುದು ಶಾಸ್ತ್ರಸಮ್ಮತ.

ಒಂದು ನಳ ತುಂಬಿಸುವ, ಇನ್ನೊಂದು ಖಾಲಿ ಮಾಡುವ ಆ ತೊಟ್ಟಿಯ ಲೆಕ್ಕ ಮಾತ್ರ ನನಗೆ ಹುಚ್ಚರ ಮನೆಯದೆನಿಸುತ್ತಿತ್ತು. ಹಾಗನ್ನುವಂತಿಲ್ಲ, ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ಮಳೆಗಾಲವಿಡೀ ಅದೇ ಲೆಕ್ಕ. 51 ಟಿಎಂಸಿಯ ತೊಟ್ಟಿ. ಒಂದು ಕಡೆ ಘಟಪ್ರಭೆ ಸುರಿಯುತ್ತಾಳೆ, ಇನ್ನೊಂದು ಕಡೆ ಗೇಟು ಎತ್ತುತ್ತಾರೆ. ಉತ್ತರ ತಪ್ಪಿದರೆ ಗೋಕಾಕದವರು ಸಾಮಾನು ಅಟ್ಟಕ್ಕೇರಿಸಬೇಕು.

12ನೆಯ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಬರೆದ ಗಣಿತಗ್ರಂಥದ ಹೆಸರು 'ವ್ಯವಹಾರಗಣಿತ'. ಪಠ್ಯಪುಸ್ತಕ ಬರೆಯುವವರಲ್ಲಿ ಅದಕ್ಕೇ ಒಂದು ವಿನಂತಿ: ಆ ಅಪ್ಪ-ಮಗನನ್ನು ಇನ್ನು ಬಿಟ್ಟುಬಿಡಿ. ಬದಲಿಗೆ ಹೀಗೆ ಕೇಳಿ: ಗೋಕಾಕದಿಂದ ತಂದ ಒಂದು ಕಿಲೋ ಕರದಂಟಿನಲ್ಲಿ ಉಳಿದದ್ದು 400 ಗ್ರಾಂ, ಅಣ್ಣ ತಿಂದದ್ದು ತಂಗಿ ತಿಂದದ್ದರ ಎರಡರಷ್ಟು, ಹಾಗಾದರೆ ಯಾರಿಗೆ ಎಷ್ಟು ಏಟು ಬೀಳಬೇಕು? ಇಡೀ ತರಗತಿ ಕೈ ಎತ್ತದಿದ್ದರೆ ಕೇಳಿ.